ಬಿಸಿ ಎಲ್ಲಿ ಹುಟ್ಟುತ್ತಿದೆ? ಮನೆಯಲ್ಲಿ ಕಟ್ಟಿದ ಎಸ್‌ಎಂಪಿಎಸ್ ಕಾಯುವಾಗ ನೋಡಬೇಕಾದ್ದು

(ಮಂಡ್ಯದಲ್ಲಿ ಎಲೆಕ್ಟ್ರಾನಿಕ್ಸ್ ಹವ್ಯಾಸಿಗಳು, ಐಟಿಐ ಮತ್ತು ಡಿಪ್ಲೊಮಾ ವಿದ್ಯಾರ್ಥಿಗಳು, ರಿಪೇರಿ ಕೆಲಸದವರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ.)

ಎಲ್ಲರಿಗೂ ನಮಸ್ಕಾರ.

ನೀವು ಕಟ್ಟಿದ ಎಸ್‌ಎಂಪಿಎಸ್, ಅಂದರೆ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಆನ್–ಆಫ್ ಮಾಡಿ ಬೇಕಾದ ವೋಲ್ಟೇಜ್ ಕೊಡುವ ಪವರ್ ಸಪ್ಲೈ, ಆನ್ ಆಗುತ್ತದೆ. 12 ವೋಲ್ಟ್ ಸರಿಯಾಗಿ ಬರುತ್ತದೆ. ಲೋಡ್ ಹಾಕಿದರೂ ಕುಸಿಯುವುದಿಲ್ಲ. ಆದರೆ ಸ್ವಲ್ಪ ಹೊತ್ತಿಗೆ ಮಾಸ್‌ಫೆಟ್, ಅಂದರೆ ಆ ಆನ್–ಆಫ್ ಮಾಡುವ ಟ್ರಾನ್ಸಿಸ್ಟರ್, ವಿಪರೀತ ಕಾಯುತ್ತದೆ. ಆಗ ಹೆಚ್ಚಿನವರು ಮೊದಲು ಮಾಡುವ ಕೆಲಸ ಏನು? ದೊಡ್ಡ ಹೀಟ್‌ಸಿಂಕ್ ಹುಡುಕುವುದು. ಅದೂ ಸಾಲದಿದ್ದರೆ ಹಳೇ ಕಂಪ್ಯೂಟರ್‌ನಿಂದ ಬಿಚ್ಚಿದ ಫ್ಯಾನ್ ಕೂರಿಸುವುದು. ಇವತ್ತು ನಾನು ಹೇಳಬೇಕೆಂದಿರುವುದು ಒಂದೇ ಮಾತು. ಬಿಸಿಯನ್ನು ಹೊರಗೆ ಸಾಗಿಸುವ ಮೊದಲು ಅದು ಎಲ್ಲಿ ಹುಟ್ಟುತ್ತಿದೆ ಅಂತ ಪತ್ತೆ ಮಾಡಿ. ಬಿಸಿ ಅಂದರೆ ಪೋಲಾಗುತ್ತಿರುವ ವ್ಯಾಟ್. ಪ್ರತಿ ವ್ಯಾಟ್‌ಗೂ ಒಂದು ಕಾರಣ ಇರುತ್ತದೆ, ಆ ಕಾರಣವನ್ನು ಲೆಕ್ಕ ಹಾಕಿ ಹಿಡಿಯಬಹುದು.

ಈ ಲೆಕ್ಕ ನಮ್ಮ ಊರಿಗೆ ಹೊಸದಲ್ಲ. 1902ರಲ್ಲಿ ಇವತ್ತಿನ ನಮ್ಮ ಮಂಡ್ಯ ಜಿಲ್ಲೆಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಯಿತು. ಸುಮಾರು 147 ಕಿಲೋಮೀಟರ್ ದೂರ. ತಂತಿಯಲ್ಲಿ ಬಿಸಿಯಾಗಿ ಹಾಳಾಗುವ ಪವರ್ ಕರೆಂಟ್‌ನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಕರೆಂಟ್ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು. ಅದಕ್ಕೇ ಅವರು ವೋಲ್ಟೇಜನ್ನು ಸಾವಿರಾರು ವೋಲ್ಟ್‌ಗೆ ಏರಿಸಿ, ಕರೆಂಟ್ ಇಳಿಸಿ ಕಳಿಸಿದರು. ನಿಮ್ಮ ಅಂಗೈಯಗಲದ ಬೋರ್ಡಿನ ತಾಮ್ರಕ್ಕೂ ಮಾಸ್‌ಫೆಟ್‌ಗೂ ಅದೇ ನಿಯಮ. ಆದರೆ ಸ್ವಿಚಿಂಗ್ ಸಪ್ಲೈನಲ್ಲಿ ಇದರ ಜೊತೆ ಇನ್ನೆರಡು ಬಗೆಯ ನಷ್ಟ ಸೇರುತ್ತವೆ. ಒಂದು, ಆನ್–ಆಫ್ ಆಗುವ ಆ ಕ್ಷಣದ ನಷ್ಟ. ಇನ್ನೊಂದು, ಟ್ರಾನ್ಸ್‌ಫಾರ್ಮರಿನ ಫೆರೈಟ್ ಕೋರ್ (ವೈರ್ ಸುತ್ತುವ ಕಾಂತೀಯ ತಿರುಳು) ಒಳಗಿನ ನಷ್ಟ. ಬಹಳ ಜನ ಕರೆಂಟಿನ ವರ್ಗದಿಂದ ಬರುವ ನಷ್ಟವನ್ನು ಮಾತ್ರ ಲೆಕ್ಕಕ್ಕೆ ತಗೊಳ್ಳುತ್ತಾರೆ. ಎಡವುವುದು ಅಲ್ಲೇ.

ಮುಂದೆ ಹೋಗುವ ಮೊದಲು ಜೀವದ ಮಾತು. 230 ವೋಲ್ಟ್ ಎಸಿ ರೆಕ್ಟಿಫೈ ಆದರೆ ಸುಮಾರು 325 ವೋಲ್ಟ್ ಡಿಸಿ. ಪ್ಲಗ್ ಕಿತ್ತ ಮೇಲೂ ಅದು ದೊಡ್ಡ ಕೆಪಾಸಿಟರ್‌ನಲ್ಲಿ ಕೂತಿರುತ್ತದೆ. 220 ಮೈಕ್ರೋಫ್ಯಾರಡ್ ಇದ್ದರೆ 11 ಜೂಲ್‌ಗೂ ಜಾಸ್ತಿ ಶಕ್ತಿ. ಸ್ಕ್ರೂಡ್ರೈವರ್‌ನಿಂದ ಶಾರ್ಟ್ ಮಾಡಬೇಡಿ. 10 ಕಿಲೋ ಓಮ್, 10 ವ್ಯಾಟ್ ರೆಸಿಸ್ಟರನ್ನು ಇನ್ಸುಲೇಟೆಡ್ ಕ್ಲಿಪ್‌ಗಳಿಗೆ ಕಟ್ಟಿ ಹತ್ತು ಹದಿನೈದು ಸೆಕೆಂಡ್ ಹಿಡಿಯಿರಿ. ಆಮೇಲೆ ಮೀಟರ್ ಇಟ್ಟು ನೋಡಿಯೇ ಕೈ ಹಾಕಿ. ಹೊಸ ಬೋರ್ಡನ್ನು ಮೊದಲ ಸಲ ಆನ್ ಮಾಡುವಾಗ ಸೀರೀಸ್ ಬಲ್ಬ್ (ಶಾರ್ಟ್ ಇದ್ದರೆ ಕರೆಂಟ್ ತಡೆಯಲು ಇನ್‌ಪುಟ್ ತಂತಿಯ ನಡುವೆ ಕಟ್ಟುವ ಬಲ್ಬ್) ಇರಲೇಬೇಕು. 60 ಅಥವಾ 100 ವ್ಯಾಟ್‌ನ ಹಳೇ ಫಿಲಮೆಂಟ್ ಬಲ್ಬ್ ಆಗಬೇಕು, ಎಲ್‌ಇಡಿ ಬಲ್ಬ್ ಆಗುವುದಿಲ್ಲ. ಆಸಿಲೋಸ್ಕೋಪ್ ಇರುವವರು ಅದರ ಗ್ರೌಂಡ್ ಕ್ಲಿಪ್ಪನ್ನು ಪ್ರೈಮರಿ (230 ವೋಲ್ಟ್ ಬರುವ) ಕಡೆಗೆ ನೇರವಾಗಿ ಹಾಕಬೇಡಿ. ಬೋರ್ಡಿಗೆ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಮೂಲಕ ಕರೆಂಟ್ ಕೊಡಿ. ಸ್ಕೋಪಿನ ಅರ್ತ್ ಪಿನ್ ಕತ್ತರಿಸುವುದು ಪರಿಹಾರವಲ್ಲ, ಆಗ ಸ್ಕೋಪಿನ ಮೈಯೇ ಲೈವ್ ಆಗುತ್ತದೆ. ಡಿಮ್ಮರ್‌ಸ್ಟ್ಯಾಟ್ (ಎಸಿ ವೋಲ್ಟೇಜನ್ನು ತಿರುಗಿಸಿ ಏರಿಳಿಸುವ ಟ್ರಾನ್ಸ್‌ಫಾರ್ಮರ್) ಐಸೊಲೇಶನ್ ಕೊಡುವುದಿಲ್ಲ, ಇದನ್ನೂ ನೆನಪಿಡಿ.

ಈಗ ಅಳತೆಯ ವಿಷಯ. ಬೆರಳಿಟ್ಟು ನೋಡುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಶಾಕ್ ಅಪಾಯ ಒಂದು ಕಡೆ ಇರಲಿ, ಬೆರಳು ಸರಿಯಾದ ಮಾಹಿತಿಯನ್ನೇ ಕೊಡುವುದಿಲ್ಲ. 60 ಡಿಗ್ರಿ ಹತ್ತಿರ ಬಂದರೆ ನಮ್ಮ ಬೆರಳು ತಡೆಯುವುದಿಲ್ಲ. ಆದರೆ ಮಾಸ್‌ಫೆಟ್‌ಗೆ 60 ಡಿಗ್ರಿ ಆರಾಮದ ಜಾಗ. ಹಾಗಾಗಿ ‘ಮುಟ್ಟಕ್ಕಾಗ್ತಿಲ್ಲ’ ಅನ್ನುವುದು ದೂರು ಅಷ್ಟೇ, ಅಳತೆ ಅಲ್ಲ. ಗನ್ ತರದ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದರೆ ಹೊಳೆಯುವ ಅಲ್ಯೂಮಿನಿಯಂ ಮೇಲೆ ಅದು ಕಡಿಮೆ ತೋರಿಸುತ್ತದೆ. ಒಂದು ತುಂಡು ಕಪ್ಪು ಇನ್ಸುಲೇಶನ್ ಟೇಪ್ ಅಂಟಿಸಿ, ಟೇಪಿನ ಮೇಲೆ ಅಳೆಯಿರಿ. ಮಲ್ಟಿಮೀಟರ್ ಜೊತೆ ಬರುವ ಥರ್ಮೋಕಪಲ್ ಒಳ್ಳೆಯದೇ. ಆದರೆ ಅದರ ತುದಿ ಲೋಹಕ್ಕೆ ತಾಗಿದರೆ ಮೀಟರೇ 325 ವೋಲ್ಟ್‌ನಲ್ಲಿ ಇರುತ್ತದೆ. ಬಿಸಿ ತಡೆಯುವ ಕ್ಯಾಪ್ಟಾನ್ (Kapton) ಇನ್ಸುಲೇಶನ್ ಟೇಪಿನ ಮೇಲೆ ಇಡಿ.

ಕೆಲವು ಭಾಗಗಳು ಬಿಸಿಯಾಗುವುದೇ ಸಹಜ. ಇನ್‌ಪುಟ್‌ನಲ್ಲಿರುವ ಎನ್‌ಟಿಸಿ ಥರ್ಮಿಸ್ಟರ್, ನಿಮ್ಮ ಹತ್ತಿರ ಇರುವ 5ಡಿ-9 ಅಥವಾ 10ಡಿ-11, ಬಿಸಿಯಾದರೇ ಅದರ ಓಮ್ ಇಳಿಯುವುದು. ಅದು ಕಾಯುತ್ತಿದೆ ಅಂತ ಬದಲಾಯಿಸಬೇಡಿ. ಪಕ್ಕದಲ್ಲಿ ಕೆಪಾಸಿಟರ್ ತಾಗಿಕೊಂಡು ಕೂತಿದೆಯಾ ಅಂತ ನೋಡಿ, ಅಷ್ಟು ಸಾಕು.

ಸರಿ, ಬಿಸಿಯ ಕಾರಣ ಹಿಡಿಯುವುದು ಹೇಗೆ? ಎರಡು ಪರೀಕ್ಷೆ ಮಾಡಿ. ಎರಡಕ್ಕೂ ದುಬಾರಿ ಉಪಕರಣ ಬೇಡ.

ಮೊದಲು ಲೋಡ್ ತೆಗೆದು ಅರ್ಧ ಗಂಟೆ ಓಡಿಸಿ. ಲೋಡ್ ಇಲ್ಲದೆಯೂ ಕಾಯುತ್ತಿದ್ದರೆ ಔಟ್‌ಪುಟ್ ಕರೆಂಟ್‌ಗೂ ಅದಕ್ಕೂ ಸಂಬಂಧವಿಲ್ಲ. ಕೋರ್ ನಷ್ಟ, ಸ್ವಿಚಿಂಗ್ ನಷ್ಟ, ಸ್ನಬ್ಬರ್ (ವೋಲ್ಟೇಜ್ ಸ್ಪೈಕ್ ತಗ್ಗಿಸುವ ಭಾಗ), ಅಥವಾ ಹಾಫ್ ಬ್ರಿಡ್ಜ್ (ಎರಡು ಮಾಸ್‌ಫೆಟ್ ಸರದಿಯಲ್ಲಿ ಆನ್ ಆಗುವ ಸರ್ಕ್ಯೂಟ್) ಆದರೆ ಅವೆರಡೂ ಒಟ್ಟಿಗೆ ಆನ್ ಆಗುವುದು, ಇವುಗಳಲ್ಲಿ ಒಂದು. ಅರ್ಧ ಲೋಡ್‌ನಲ್ಲಿ ತಣ್ಣಗಿದ್ದು ಪೂರ್ತಿ ಲೋಡ್‌ಗೆ ಏಕಾಏಕಿ ಕಾದರೆ ವರ್ಗದ ನಿಯಮ ಕೆಲಸ ಮಾಡುತ್ತಿದೆ, ಇಲ್ಲವೇ ಕೋರ್ ಸ್ಯಾಚುರೇಟ್ ಆಗುತ್ತಿದೆ, ಅಂದರೆ ಇನ್ನಷ್ಟು ಕಾಂತೀಯ ಫ್ಲಕ್ಸ್ ಹಿಡಿಯಲಾರದ ಮಟ್ಟ ಮುಟ್ಟುತ್ತಿದೆ.

ಆಮೇಲೆ ಲೋಡ್ ಹಾಗೇ ಇಟ್ಟು ಡಿಮ್ಮರ್‌ಸ್ಟ್ಯಾಟ್‌ನಿಂದ ಇನ್‌ಪುಟ್ ಬದಲಾಯಿಸಿ. 180ಕ್ಕೆ ಇಳಿಸಿದಾಗ ಬಿಸಿ ಜಾಸ್ತಿ ಆದರೆ ಕರೆಂಟಿನಿಂದ ಬರುವ ನಷ್ಟ. ಯಾಕೆಂದರೆ ಅಷ್ಟೇ ಪವರ್‌ಗೆ ಅದು ಈಗ ಜಾಸ್ತಿ ಕರೆಂಟ್ ಎಳೆಯಬೇಕು. 250ಕ್ಕೆ ಏರಿಸಿದಾಗ ಜಾಸ್ತಿ ಆದರೆ ವೋಲ್ಟೇಜಿನಿಂದ ಬರುವ ನಷ್ಟ, ಅಂದರೆ ಸ್ವಿಚಿಂಗ್ ಕಡೆಯದ್ದು. ಪಂಪ್‌ಸೆಟ್ ಓಡುವ ಹೊತ್ತಿನಲ್ಲಿ ಹಳ್ಳಿಗಳಲ್ಲಿ ವೋಲ್ಟೇಜ್ ಇಳಿಯುವುದು ನಿಮಗೆ ಗೊತ್ತಲ್ವಾ? ಹಾಗಾಗಿ 180ರ ಪರೀಕ್ಷೆ ನಮಗೆ ಸುಮ್ನೆ ಶಾಸ್ತ್ರಕ್ಕಲ್ಲ. ನಿಮ್ಮ ಸಪ್ಲೈ ನಿಜವಾಗಿ ಬಾಳಬೇಕಾದ ಸ್ಥಿತಿಯೇ ಅದು.

ಇದನ್ನು ಒಂದು ಬೋರ್ಡಿನ ಮೇಲೆ ತೋರಿಸುತ್ತೇನೆ. ಮದ್ದೂರು ಕಡೆಯ ಹುಡುಗ ಒಬ್ಬ ಒಂದು ಫ್ಲೈಬ್ಯಾಕ್ ಸಪ್ಲೈ (ಮಾಸ್‌ಫೆಟ್ ಆನ್ ಇರುವಾಗ ಶಕ್ತಿ ತುಂಬಿಕೊಂಡು, ಆಫ್ ಆದಾಗ ಔಟ್‌ಪುಟ್‌ಗೆ ಬಿಡುವ ಬಗೆ) ತಂದಿದ್ದ. 12 ವೋಲ್ಟ್, 5 ಆಂಪಿಯರ್. ಯುಸಿ3842 ಐಸಿ, 10ಎನ್60 ಮಾಸ್‌ಫೆಟ್, 65 ಕಿಲೋಹರ್ಟ್ಜ್, ಇಟಿಡಿ34 ಕೋರ್. ಪ್ರೈಮರಿ 45 ಸುತ್ತು, ಸೆಕೆಂಡರಿ 5 ಸುತ್ತು. ಸೋಲ್ಡರಿಂಗ್ ಬಹಳ ಚೊಕ್ಕವಾಗಿತ್ತು. ‘ಸಾರ್, ಅರ್ಧ ಲೋಡಲ್ಲಿ ಏನೂ ಆಗಲ್ಲ. ಫುಲ್ ಲೋಡ್ ಹಾಕಿದ್ರೆ ಅರ್ಧ ಗಂಟೆ ಚೆನ್ನಾಗಿರುತ್ತೆ, ಆಮೇಲೆ ಮಾಸ್‌ಫೆಟ್ ಸುಡುತ್ತೆ’ ಅಂದ. ಎರಡು ಸಲ ಮಾಸ್‌ಫೆಟ್ ಹೋಗಿತ್ತು. ಹೀಟ್‌ಸಿಂಕ್ ಆಗಲೇ ದೊಡ್ಡದು ಮಾಡಿದ್ದ.

ಅವನ ಮಾತಿನಲ್ಲೇ ಸುಳಿವು ಇತ್ತು. ‘ಅರ್ಧ ಗಂಟೆ ಆದ ಮೇಲೆ’. ಫೆರೈಟ್ ಬಿಸಿಯಾದಷ್ಟೂ ಅದರ ಸ್ಯಾಚುರೇಶನ್ ಮಟ್ಟ ಇಳಿಯುತ್ತದೆ. ಪವರ್ ಫೆರೈಟ್‌ನಲ್ಲಿ 25 ಡಿಗ್ರಿಗೆ ಅರ್ಧ ಟೆಸ್ಲಾ ಹತ್ತಿರ ಇದ್ದದ್ದು 100 ಡಿಗ್ರಿಗೆ 0.4 ಟೆಸ್ಲಾಗಿಂತ ಕೆಳಗೆ ಬರುತ್ತದೆ. ತಣ್ಣಗಿರುವಾಗ ಕೋರ್ ತಡೆದ ಫ್ಲಕ್ಸನ್ನೇ ಬಿಸಿಯಾದಾಗ ಅದು ತಡೆಯಲಾರದು.

ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಿ, ಮಾಸ್‌ಫೆಟ್ ಸೋರ್ಸ್‌ನಲ್ಲಿರುವ ಅರ್ಧ ಓಮ್ ರೆಸಿಸ್ಟರ್ ಮೇಲೆ ಸ್ಕೋಪ್ ಇಟ್ಟೆವು. ಆ ರೆಸಿಸ್ಟರ್ ಮೇಲೆ 1 ವೋಲ್ಟ್ ಬಂದಾಗ ಯುಸಿ3842 ಆಫ್ ಮಾಡುತ್ತದೆ. ಅಂದರೆ 2 ಆಂಪಿಯರ್‌ಗೆ. ಕರೆಂಟ್ ಗೆರೆ ನೇರವಾಗಿ ಏರಬೇಕು, ಓರೆಯಾಗಿ ಇಟ್ಟ ಸ್ಕೇಲಿನ ಹಾಗೆ. ಶುರುವಿನಲ್ಲಿ ನೇರವಾಗಿಯೇ ಇತ್ತು. ಇಪ್ಪತ್ತು ನಿಮಿಷ ಕಳೆದ ಮೇಲೆ ಗೆರೆಯ ತುದಿ ಬಾಗಿ ಮೇಲಕ್ಕೆ ಚಿಮ್ಮತೊಡಗಿತು. ಕೋರ್ ಸ್ಯಾಚುರೇಟ್ ಆಗುವುದನ್ನು ಕಣ್ಣಾರೆ ನೋಡುವ ಜಾಗ ಅದೇ.

ಇನ್ನು ಕಾರಣ. ಫ್ಲೈಬ್ಯಾಕ್‌ನಲ್ಲಿ ಶಕ್ತಿ ಕೂರುವುದು ಕೋರಿನ ಎರಡು ಭಾಗಗಳ ನಡುವೆ ಬಿಟ್ಟ ಗ್ಯಾಪ್‌ನಲ್ಲಿ. 60 ವ್ಯಾಟ್ ಔಟ್‌ಪುಟ್‌ಗೆ, 85 ಪರ್ಸೆಂಟ್ ದಕ್ಷತೆ ಹಿಡಿದರೆ, ಸುಮಾರು 70 ವ್ಯಾಟ್ ಒಳಗೆ ಬರಬೇಕು. 65 ಕಿಲೋಹರ್ಟ್ಜ್‌ಗೆ ಹಂಚಿದರೆ ಒಂದು ಸೈಕಲ್‌ಗೆ ಒಂದು ಮಿಲಿಜೂಲ್ ಚಿಲ್ಲರೆ. 2 ಆಂಪಿಯರ್ ಪೀಕ್‌ನಲ್ಲಿ ಇದನ್ನು ಹಿಡಿಯಲು ಪ್ರೈಮರಿ 540 ಮೈಕ್ರೋಹೆನ್ರಿ ಇರಬೇಕು. ಇಟಿಡಿ34ರ ಅಡ್ಡ ವಿಸ್ತೀರ್ಣ 97 ಚದರ ಮಿಲಿಮೀಟರ್. 45 ಸುತ್ತಿಗೆ ಫ್ಲಕ್ಸ್ 0.25 ಟೆಸ್ಲಾ ಆಸುಪಾಸು ಬರುತ್ತದೆ, ಬಿಸಿಯಲ್ಲೂ ಸುರಕ್ಷಿತ. ಇದಕ್ಕೆ ಬೇಕಾದ ಗ್ಯಾಪ್ ಒಟ್ಟು 0.45 ಮಿಲಿಮೀಟರ್ ಹತ್ತಿರ.

ಹುಡುಗ ಎರಡು ಕೋರ್‌ಗಳ ನಡುವೆ ಒಂದೇ ಒಂದು ಎ4 ಹಾಳೆಯ ತುಂಡು ಇಟ್ಟಿದ್ದ. ಸಾಮಾನ್ಯ ಹಾಳೆ 0.1 ಮಿಲಿಮೀಟರ್. ಎಲ್ಲ ಕಾಲುಗಳಿಗೂ ಇಟ್ಟಾಗ ಫ್ಲಕ್ಸ್ ನಡುಗಾಲಿನಲ್ಲಿ ಒಮ್ಮೆ, ಪಕ್ಕದ ಕಾಲಿನಲ್ಲಿ ಒಮ್ಮೆ ಗ್ಯಾಪ್ ದಾಟುತ್ತದೆ. ಆದ್ದರಿಂದ ಒಟ್ಟು 0.2. ಬೇಕಾದ್ದರ ಅರ್ಧವೂ ಇಲ್ಲ. ಇಂಡಕ್ಟೆನ್ಸ್ 1.2 ಮಿಲಿಹೆನ್ರಿಗೆ ಏರಿತ್ತು. ಜಾಸ್ತಿ ಇಂಡಕ್ಟೆನ್ಸ್ ಒಳ್ಳೆಯದು ಅಂತ ಅವನು ಅಂದುಕೊಂಡಿದ್ದ. ಪೂರ್ತಿ ಲೋಡ್‌ಗೆ ಫ್ಲಕ್ಸ್ 0.37 ಟೆಸ್ಲಾ ಮುಟ್ಟುತ್ತಿತ್ತು. ಕೋರ್ ತಣ್ಣಗಿರುವಾಗ ಅದು ತಡೆಯಿತು. ಬಿಸಿಯಾದ ಮೇಲೆ ತಡೆಯಲಿಲ್ಲ. ಅರ್ಧ ಲೋಡ್‌ನಲ್ಲಿ 0.26, ಅದಕ್ಕೇ ಅಲ್ಲಿ ಏನೂ ತೊಂದರೆ ಕಾಣಲಿಲ್ಲ. ಹಾಳೆ ಎರಡು ಪದರ ಮಾಡಿದೆವು, ಎಲ್‌ಸಿ ಮೀಟರ್‌ನಲ್ಲಿ 540 ಹತ್ತಿರ ಬರುವ ತನಕ ಹೊಂದಿಸಿದೆವು. ಶಾಶ್ವತವಾಗಿ ಮಾಡುವಾಗ ಬರೆಯುವ ಕಾಗದ ಬೇಡ, ಅದು ವಾರ್ನಿಷ್ ಹೀರುತ್ತದೆ. ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಮೈಲಾರ್ ಸಿಗುತ್ತದೆ, ಅದನ್ನು ಬಳಸಿ.

ಅಷ್ಟಕ್ಕೆ ಮುಗಿಯಲಿಲ್ಲ. ಸ್ಯಾಚುರೇಶನ್ ನಿಂತರೂ ಮಾಸ್‌ಫೆಟ್ ಬೇಕಾದ್ದಕ್ಕಿಂತ ಬಿಸಿ ಇತ್ತು. ಗೇಟ್, ಅಂದರೆ ಮಾಸ್‌ಫೆಟ್ಟನ್ನು ಆನ್–ಆಫ್ ಮಾಡಿಸುವ ಕಾಲು, ಅದರ ರೆಸಿಸ್ಟರ್ ನೋಡಿದರೆ 150 ಓಮ್! ಈ ರೆಸಿಸ್ಟರ್ ದೊಡ್ಡದಿದ್ದಷ್ಟೂ ಮಾಸ್‌ಫೆಟ್ ನಿಧಾನವಾಗಿ ಆಫ್ ಆಗುತ್ತದೆ. ಇಲ್ಲಿ ಲೆಕ್ಕ ಬಹಳ ಸ್ವಾರಸ್ಯವಾಗಿದೆ, ಸ್ವಲ್ಪ ನಿಧಾನವಾಗಿ ನೋಡೋಣ. ಈ ಸರ್ಕ್ಯೂಟ್‌ನಲ್ಲಿ ಮಾಸ್‌ಫೆಟ್ ಆನ್ ಇರುವಾಗಿನ ನಷ್ಟ ಅರ್ಧ ವ್ಯಾಟ್ ಕೂಡ ದಾಟುವುದು ಕಷ್ಟ. ಆದರೆ ಆಫ್ ಆಗುವಾಗ 2 ಆಂಪಿಯರ್ ಹರಿಯುತ್ತಿರುವಂತೆಯೇ ಮಾಸ್‌ಫೆಟ್‌ನ ಡ್ರೇನ್ ಕಾಲಿನ ವೋಲ್ಟೇಜ್ 450ರ ಆಚೆ ಏರುತ್ತದೆ. ಈ ಏರಿಕೆಗೆ 200 ನ್ಯಾನೋಸೆಕೆಂಡ್ ಹಿಡಿದರೆ, ಅರ್ಧ ಗುಣಿಸು 450, ಗುಣಿಸು 2, ಗುಣಿಸು 200 ನ್ಯಾನೋಸೆಕೆಂಡ್, ಗುಣಿಸು 65 ಸಾವಿರ. 5.85 ವ್ಯಾಟ್! ಅದೇ 50 ನ್ಯಾನೋಸೆಕೆಂಡ್‌ನಲ್ಲಿ ಮುಗಿದರೆ ಒಂದೂವರೆ ವ್ಯಾಟ್. 22 ಓಮ್ ಹಾಕಿದೆವು. ಹೀಟ್‌ಸಿಂಕ್ ಬದಲಾಯಿಸದೆಯೇ ಬಿಸಿ ಇಳಿಯಿತು.

ಹೆಚ್ಚಿನವರು ದಾರಿ ತಪ್ಪುವ ಜಾಗವೂ ಇದೇ. ಮಾಸ್‌ಫೆಟ್ ಕಾಯುತ್ತಿದೆ, ಇನ್ನೂ ದೊಡ್ಡದು ಹಾಕೋಣ ಅಂತ 10ಎನ್60 ತೆಗೆದು 20ಎನ್60 ಹಾಕುತ್ತಾರೆ. ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ಜಾಸ್ತಿ ದುಡ್ಡು ಕೊಟ್ಟು ತರುತ್ತಾರೆ. ಆನ್ ಇರುವಾಗಿನ ಓಮ್ ಇಳಿಯುತ್ತದೆ, ನಿಜ. ಆದರೆ ಗೇಟ್ ಚಾರ್ಜ್ ಏರುತ್ತದೆ. ಅದೇ ಗೇಟ್ ರೆಸಿಸ್ಟರ್‌ನಲ್ಲಿ ಅದು ಇನ್ನೂ ನಿಧಾನವಾಗಿ ಆಫ್ ಆಗುತ್ತದೆ. ಉಳಿಸಿದ್ದು ಕಾಲು ವ್ಯಾಟ್, ಕಳೆದುಕೊಂಡಿದ್ದು ಎರಡು ಮೂರು ವ್ಯಾಟ್. ಹಾಗಂತ ಗೇಟ್ ರೆಸಿಸ್ಟರನ್ನು ಸೊನ್ನೆ ಮಾಡಬೇಡಿ, ರಿಂಗಿಂಗ್ ಬರುತ್ತದೆ, ರೇಡಿಯೋ ಎಲ್ಲ ಗೊರಗೊರ ಅನ್ನುತ್ತದೆ. 10ರಿಂದ 33 ಓಮ್ ನಡುವೆ ಪ್ರಯತ್ನಿಸಿ.

ಆಂಪ್ಲಿಫೈಯರ್‌ಗೆ ಐಆರ್2153 ಹಾಕಿ ಹಾಫ್ ಬ್ರಿಡ್ಜ್ ಮಾಡುವವರಿಗೂ ಇದೇ ಮಾತು. ಆ ಐಸಿಯ ಡೆಡ್ ಟೈಮ್ (ಒಂದು ಮಾಸ್‌ಫೆಟ್ ಆಫ್ ಆಗಿ ಇನ್ನೊಂದು ಆನ್ ಆಗುವ ನಡುವಿನ ಬಿಡುವು) 1.2 ಮೈಕ್ರೋಸೆಕೆಂಡ್ ಆಸುಪಾಸು, ನಾವು ಬದಲಾಯಿಸಲಾಗುವುದಿಲ್ಲ. ದೊಡ್ಡ ಮಾಸ್‌ಫೆಟ್, ದೊಡ್ಡ ಗೇಟ್ ರೆಸಿಸ್ಟರ್ ಸೇರಿ ಆಫ್ ಆಗುವುದು ತಡವಾದರೆ ಮೇಲಿನದು, ಕೆಳಗಿನದು ಒಂದು ಕ್ಷಣ ಒಟ್ಟಿಗೆ ಆನ್ ಇರುತ್ತವೆ. ಲೋಡ್ ಇಲ್ಲದೆಯೇ ಎರಡೂ ಕಾಯುತ್ತವೆ.

ಕ್ಲ್ಯಾಂಪ್ ರೆಸಿಸ್ಟರ್ ಸುಟ್ಟು ಕಂದು ಬಣ್ಣ ಆಗಿರುವುದನ್ನು ನೀವೆಲ್ಲ ನೋಡಿದ್ದೀರಿ. ಅದು ಲೀಕೇಜ್ ಇಂಡಕ್ಟೆನ್ಸಿನ ಶಕ್ತಿಯನ್ನು, ಅಂದರೆ ಪ್ರೈಮರಿಯಿಂದ ಸೆಕೆಂಡರಿಗೆ ದಾಟದೆ ಉಳಿಯುವ ಶಕ್ತಿಯನ್ನು, ನುಂಗುತ್ತದೆ. ಲೀಕೇಜ್ 20 ಮೈಕ್ರೋಹೆನ್ರಿ ಇದ್ದರೆ, 2 ಆಂಪಿಯರ್‌ಗೆ, 2.6 ವ್ಯಾಟ್. ಅಲ್ಲಿ ಒಂದು ವ್ಯಾಟಿನ ರೆಸಿಸ್ಟರ್ ಹಾಕಿದರೆ ಅದು ಸುಡದೆ ಇನ್ನೇನು ಮಾಡೀತು? ದೊಡ್ಡ ವ್ಯಾಟೇಜ್ ಹಾಕಿ, ಸರಿ. ಆದರೆ ನಿಜವಾದ ಮದ್ದು ವೈಂಡಿಂಗ್‌ನಲ್ಲಿದೆ. ಪ್ರೈಮರಿ ಅರ್ಧ ಸುತ್ತಿ, ಮೇಲೆ ಸೆಕೆಂಡರಿ, ಅದರ ಮೇಲೆ ಉಳಿದ ಪ್ರೈಮರಿ ಸುತ್ತಿ. ಲೀಕೇಜ್ ಎದ್ದು ಕಾಣುವಷ್ಟು ಇಳಿಯುತ್ತದೆ. ಪದರಗಳ ನಡುವೆ ಟೇಪ್ ಮಾತ್ರ ಜಿಪುಣತನ ಮಾಡದೆ ಹಾಕಿ, ಅದು ಮನುಷ್ಯರ ಜೀವ ಕಾಯುವ ಟೇಪ್.

ವೈರ್ ದಪ್ಪ ಇದ್ದಷ್ಟೂ ಒಳ್ಳೆಯದು ಅನ್ನುವುದು ಮೋಟಾರ್ ವೈಂಡಿಂಗ್‌ನಿಂದ ಬಂದ ಅಭ್ಯಾಸ. 50 ಹರ್ಟ್ಜ್‌ನಲ್ಲಿ ಸರಿ. 65 ಕಿಲೋಹರ್ಟ್ಜ್‌ನಲ್ಲಿ ಕರೆಂಟ್ ತಾಮ್ರದ ಹೊರಮೈಯಿಂದ ಕಾಲು ಮಿಲಿಮೀಟರ್ ಆಳದಲ್ಲಷ್ಟೇ ಹರಿಯುತ್ತದೆ. 18 ಗೇಜಿನ ವೈರ್ 1.2 ಮಿಲಿಮೀಟರ್ ದಪ್ಪ, ನಡುವಿನ ತಾಮ್ರ ಸುಮ್ನೆ ಜಾಗ ಹಿಡಿದುಕೊಂಡಿರುತ್ತದೆ. ಅದರ ಬದಲು 26 ಗೇಜಿನ ಏಳು ಎಳೆ ಹೊಸೆದು ಸುತ್ತಿ. ಒಟ್ಟು ತಾಮ್ರ ಹೆಚ್ಚು ಕಡಿಮೆ ಅಷ್ಟೇ, ಆದರೆ ಎಲ್ಲವೂ ಕೆಲಸ ಮಾಡುತ್ತದೆ.

ಸೆಕೆಂಡರಿ ಕಡೆಗೆ ಬರೋಣ. ಕೈಗೆ ಸಿಕ್ಕಿತು ಅಂತ 1ಎನ್5408 ಹಾಕುವವರು ಇನ್ನೂ ಇದ್ದಾರೆ. ಅದು 50 ಹರ್ಟ್ಜ್ ಡಯೋಡ್. ಆಫ್ ಆಗಲು ಅದಕ್ಕೆ ಮೈಕ್ರೋಸೆಕೆಂಡ್‌ಗಳೇ ಬೇಕು. ನಮ್ಮ ಪೂರ್ತಿ ಸೈಕಲ್ಲೇ 15 ಮೈಕ್ರೋಸೆಕೆಂಡ್! ಅಷ್ಟು ಹೊತ್ತು ಅದು ಹಿಂದಕ್ಕೂ ಕರೆಂಟ್ ಬಿಡುತ್ತದೆ, ತಾನೂ ಕಾಯುತ್ತದೆ, ಮಾಸ್‌ಫೆಟ್ಟನ್ನೂ ಕಾಯಿಸುತ್ತದೆ. ಬೇಗ ಆಫ್ ಆಗುವ ಶಾಟ್ಕಿ ಡಯೋಡ್ ಹಾಕಿ, ಎಂಬಿಆರ್20100 ತರದ್ದು. 60 ವೋಲ್ಟಿನ ಶಾಟ್ಕಿ ಸಾಲುವುದಿಲ್ಲ. 45ಕ್ಕೆ 5 ಸುತ್ತು ಅಂದರೆ 325ರ ಒಂಬತ್ತನೇ ಒಂದು ಭಾಗ 36, ಅದಕ್ಕೆ 12 ಸೇರಿಸಿ 48. ಸ್ಪೈಕ್‌ಗೆ ಜಾಗ ಎಲ್ಲಿ ಉಳಿಯಿತು? ಶಾಟ್ಕಿಗೆ ಇನ್ನೊಂದು ಗುಣ ಇದೆ. ಬಿಸಿಯಾದಷ್ಟೂ ಅದರ ರಿವರ್ಸ್ ಲೀಕೇಜ್ ಏರುತ್ತದೆ, ಲೀಕೇಜ್ ಏರಿದಷ್ಟೂ ಬಿಸಿ. ಅದಕ್ಕೆ ಹೀಟ್‌ಸಿಂಕ್ ಕೊಡಲೇಬೇಕು.

ಕೆಪಾಸಿಟರ್ ಬಿಸಿಯಾದರೆ ಕೇಳುವವರು ಕಡಿಮೆ. ಔಟ್‌ಪುಟ್ 5 ಆಂಪಿಯರ್ ಇರಬಹುದು, ಆದರೆ ಸೆಕೆಂಡರಿ ಪೀಕ್ 2 ಗುಣಿಸು 9, ಅಂದರೆ 18 ಆಂಪಿಯರ್. ಮೊದಲ ಕೆಪಾಸಿಟರ್ ನುಂಗಬೇಕಾದ ರಿಪಲ್ (ಏರಿಳಿಯುವ ಕರೆಂಟ್) 6 ಆಂಪಿಯರ್ ದಾಟುತ್ತದೆ. ಒಂದೇ ಒಂದು 2200 ಮೈಕ್ರೋಫ್ಯಾರಡ್ ಹಾಕಿ ಬಿಟ್ಟರೆ ಅದು ಒಳಗೇ ಬೆಂದು ಉಬ್ಬುತ್ತದೆ. ಲೋ ಇಎಸ್‌ಆರ್ (ಒಳಗಿನ ರೆಸಿಸ್ಟೆನ್ಸ್ ಕಡಿಮೆ ಇರುವ), 105 ಡಿಗ್ರಿಯವು ಮೂರು ನಾಲ್ಕು ಪ್ಯಾರಲಲ್ ಹಾಕಿ. ಪ್ರತಿ 10 ಡಿಗ್ರಿ ಇಳಿಸಿದಾಗಲೂ ಆಯಸ್ಸು ಸುಮಾರು ಎರಡು ಪಟ್ಟಾಗುತ್ತದೆ. 105 ಡಿಗ್ರಿಯಲ್ಲಿ 2000 ಗಂಟೆ ಅಂತ ಬರೆದಿದ್ದರೆ 65 ಡಿಗ್ರಿಯಲ್ಲಿ 32000 ಗಂಟೆ.

ಹಳೇ ಕಂಪ್ಯೂಟರ್ ಸಪ್ಲೈನ ಹಳದಿ–ಬಿಳಿ ಟೊರಾಯ್ಡ್ ಬಗ್ಗೆ ಒಂದು ಮಾತು. ಅದು ಕಬ್ಬಿಣದ ಪುಡಿಯ ಕೋರ್. ಔಟ್‌ಪುಟ್‌ನ ಸಣ್ಣ ರಿಪಲ್ ಸೋಸಲು ಚೆನ್ನಾಗಿದೆ. ಅದನ್ನೇ 100 ಕಿಲೋಹರ್ಟ್ಜ್ ಬಕ್ (ವೋಲ್ಟೇಜ್ ಇಳಿಸುವ) ಕನ್ವರ್ಟರ್‌ಗೆ ಮುಖ್ಯ ಇಂಡಕ್ಟರ್ ಮಾಡಿ ದೊಡ್ಡ ರಿಪಲ್ ಕೊಟ್ಟರೆ ಕೋರ್ ನಷ್ಟದಿಂದಲೇ ಕಾಯುತ್ತದೆ. ವೈರ್ ದಪ್ಪ ಮಾಡಿ ಪ್ರಯೋಜನವಿಲ್ಲ, ಕಾಯುತ್ತಿರುವುದು ವೈರ್ ಅಲ್ಲ.

ಇಷ್ಟೆಲ್ಲ ಮಾಡಿದ ಮೇಲೆ ಉಳಿಯುವ ವ್ಯಾಟ್ ಇದೆಯಲ್ಲ, ಅದಕ್ಕೆ ಹೀಟ್‌ಸಿಂಕ್. ಬಿಸಿಯ ಹಾದಿ ನಮ್ಮ ವಿಶ್ವೇಶ್ವರಯ್ಯ ನಾಲೆಯ ಹಾಗೆ. ಮೇಲೆ ನೀರು ಎಷ್ಟೇ ಇದ್ದರೂ ನಡುವೆ ಒಂದು ತೂಬು ಕಟ್ಟಿಕೊಂಡರೆ ಕೊನೆಯ ಗದ್ದೆಗೆ ಬರುವುದಿಲ್ಲ. ಚಿಪ್‌ನಿಂದ ಕೇಸ್‌ಗೆ, ಕೇಸ್‌ನಿಂದ ಮೈಕಾಗೆ, ಮೈಕಾದಿಂದ ಸಿಂಕ್‌ಗೆ, ಸಿಂಕ್‌ನಿಂದ ಗಾಳಿಗೆ. ಮೈಕಾ ಕೆಳಗೆ ಪೇಸ್ಟ್ ಇಲ್ಲದಿದ್ದರೆ, ಸ್ಕ್ರೂ ಸಡಿಲ ಇದ್ದರೆ, ರಂಧ್ರದ ಅಂಚಿನಲ್ಲಿ ಒಂದು ಚೂರು ಲೋಹ ಎದ್ದಿದ್ದರೆ ಎಷ್ಟು ದೊಡ್ಡ ಸಿಂಕ್ ಇದ್ದರೂ ವ್ಯರ್ಥ. ಪೇಸ್ಟ್ ತೆಳುವಾಗಿ ಸವರಿ, ದಪ್ಪ ಬೇಡ. ಸಿಂಕ್ ಇಲ್ಲದ ಟಿಓ-220 ಕೇಸಿನ (ಇಂಥ ಮಾಸ್‌ಫೆಟ್‌ಗಳ ಮೂರು ಕಾಲಿನ ಸಾಮಾನ್ಯ ಕವಚ) ಒಳಗಿನ ಚಿಪ್ ಒಂದು ವ್ಯಾಟ್‌ಗೆ ಸುಮಾರು 62 ಡಿಗ್ರಿ ಏರುತ್ತದೆ. 3 ವ್ಯಾಟ್ ಕೊಟ್ಟರೆ ಅದು ಉಳಿಯುವುದೇ ಇಲ್ಲ. ಲೆಕ್ಕ ಹಾಕುವಾಗ ಕೋಣೆಯ ಗಾಳಿ ಹಿಡಿಯಬೇಡಿ. ಮುಚ್ಚಿದ ಡಬ್ಬದೊಳಗೆ ಬೇಸಿಗೆಯಲ್ಲಿ ಗಾಳಿಯೇ 50 ಡಿಗ್ರಿ ಮುಟ್ಟುತ್ತದೆ.

ಪ್ರಶ್ನೆಗಳ ಸಮಯದಲ್ಲಿ ಒಬ್ಬರು ಕೇಳಿದರು, ‘ಫ್ಯಾನ್ ಹಾಕಿದ್ರೆ ಈ ತಲೆನೋವೇ ಇರಲ್ಲ ಅಲ್ವಾ ಸಾರ್?’ ಒಳ್ಳೆಯ ಪ್ರಶ್ನೆ. ನಮ್ಮ ಕಡೆ ಧೂಳು ಜಾಸ್ತಿ. ಕಬ್ಬಿನ ಗಾಡಿ ಓಡಾಡುವ ರಸ್ತೆ ಪಕ್ಕದ ಅಂಗಡಿಯಲ್ಲಿ ಫ್ಯಾನ್ ಬೇಗ ಧೂಳು ಕಟ್ಟಿ ನಿಧಾನವಾಗುತ್ತದೆ. ಫ್ಯಾನ್ ನಂಬಿ ಮಾಡಿದ ಸಪ್ಲೈ ಫ್ಯಾನ್ ನಿಂತ ದಿನವೇ ಹೋಗುತ್ತದೆ. ಫ್ಯಾನ್ ಇಲ್ಲದೆ ಬದುಕುವ ಹಾಗೆ ಕಟ್ಟಿ. ಆಮೇಲೆ ಬೇಕಿದ್ದರೆ ಫ್ಯಾನ್ ಹಾಕಿ.

ಇನ್ನೊಬ್ಬ ವಿದ್ಯಾರ್ಥಿನಿ ಕೇಳಿದ್ದು, ರೆಸಿಸ್ಟರ್ ಕೆಳಗೆ ಬೋರ್ಡ್ ಕಪ್ಪಾಗಿದ್ದರೆ ಹೊಸ ರೆಸಿಸ್ಟರ್ ಹಾಕಿ ಅದನ್ನೇ ಬಳಸಬಹುದಾ ಅಂತ. ಬರೀ ಬಣ್ಣ ಬದಲಾಗಿದ್ದರೆ ಬಳಸಬಹುದು. ಇದ್ದಿಲಾಗಿದ್ದರೆ ಬೇಡ. ಇದ್ದಿಲು ಅಂದರೆ ಕಾರ್ಬನ್, 325 ವೋಲ್ಟ್ ಅದರ ಮೂಲಕವೇ ದಾರಿ ಮಾಡಿಕೊಳ್ಳುತ್ತದೆ. ಆ ಭಾಗವನ್ನು ಪೂರ್ತಿ ಕೆರೆದು ತೆಗೆದು, ರೆಸಿಸ್ಟರನ್ನು ಬೋರ್ಡಿನಿಂದ ಒಂದು ಸೆಂಟಿಮೀಟರ್ ಎತ್ತರಿಸಿ ಬೇರೆ ಜಾಗದಲ್ಲಿ ಬೆಸೆಯಿರಿ. ಅದು ಸ್ಟಾರ್ಟಪ್ ರೆಸಿಸ್ಟರ್ (ಐಸಿಗೆ ಶುರುವಿನ ಕರೆಂಟ್ ಕೊಡುವುದು) ಆಗಿದ್ದರೆ ಲೆಕ್ಕ ಇನ್ನೊಮ್ಮೆ ನೋಡಿ. 100 ಕಿಲೋ ಓಮ್ ಮೇಲೆ 310 ವೋಲ್ಟ್ ಬಿದ್ದರೆ ಒಂದು ವ್ಯಾಟ್ ಹತ್ತಿರ ಆಗುತ್ತದೆ. ಅಲ್ಲಿ ಅರ್ಧ ವ್ಯಾಟಿನದು ಇತ್ತು ಅಂದರೆ ಬೋರ್ಡ್ ಕಪ್ಪಾಗಿದ್ದಕ್ಕೆ ಕಾರಣ ಸಿಕ್ಕಿತು. 47 ಕಿಲೋ ಓಮ್, ಒಂದು ವ್ಯಾಟಿನ ಎರಡನ್ನು ಸೀರೀಸ್‌ನಲ್ಲಿ ಹಾಕಿ, ವೋಲ್ಟೇಜೂ ಇಬ್ಭಾಗವಾಗುತ್ತದೆ.